ಟೈಲರಮ್ಮ ಮಲಗಿದ್ದಾರೆ

ನವೆಂಬರ್ 3, ಬೆಳಿಗ್ಗೆ 8

ಬ್ಯಾಗು ಮೂರನೇ ಸಲ ಚೆಕ್ ಮಾಡಿದೆ. ಬಿಪಿ ಮಷಿನ್, ಮಗುವಿನ ಎದೆಬಡಿತ ಕೇಳಿಸುವ ಡಬ್ಬಿ, ಗ್ಲೌಸು, ಅಳತೆ ಟೇಪು, ಪೆನ್ನು ಎರಡು. ದೊಡ್ಡಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಏನೇ, ಯುದ್ಧಕ್ಕೆ ಹೊರಟಿದೀಯಾ? ಬಸುರಿ ನೋಡಕ್ಕಲ್ವಾ ಹೋಗ್ತಿರೋದು?"

ಇಪ್ಪತ್ತಾರು ವರ್ಷದಿಂದ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿರುವ ಹೆಂಗಸು. ಅವರ ಹಿಂದೆ ಬ್ಯಾಗು ಹೊರಲು ಶುರುಮಾಡಿ ಹದಿನೆಂಟು ತಿಂಗಳು. ಇನ್ನೂ ನಂಬಿಕೆ ಬರುತ್ತಿಲ್ಲ. ಹಿಂದೆ ಫೋನಿನಲ್ಲಿ ನಮ್ಮ ಸೂಲಗಿತ್ತಿಯರ ಗ್ರೂಪಿನಲ್ಲಿ ಯಾರಾದರೂ ಅವರ ಬಗ್ಗೆ ಬರೆದರೆ ಸ್ಕ್ರೀನ್‌ಶಾಟ್ ತೆಗೆದಿಡುತ್ತಿದ್ದೆ. ಈಗ ಅವರ ಒಗೆದ ಬಟ್ಟೆ ಮಡಿಸಿಡುತ್ತೇನೆ. ಪ್ರಮೋಷನ್ನೇ ಸರಿ.

ಸೂಲಗಿತ್ತಿ ಲೈಸೆನ್ಸ್ ಪರೀಕ್ಷೆಗೆ ಕೂರಬೇಕಾದರೆ ನನ್ನ ಕೈಯಲ್ಲಿ ಹತ್ತು ಹೆರಿಗೆ ಆಗಿರಬೇಕು. ಒಂಬತ್ತಾಗಿದೆ. ಫಾರಂ ಹಾಕಲು ಕೊನೆಯ ದಿನ 28, ಸಂಜೆ ಐದು. ತಪ್ಪಿದರೆ ಇನ್ನೊಂದು ವರ್ಷ. ಈ ತಿಂಗಳು ನಮ್ಮ ಲಿಸ್ಟಿನಲ್ಲಿ ದಿನ ತುಂಬುತ್ತಿರುವವರು ಒಬ್ಬರೇ — ಟೈಲರಮ್ಮ. ಡೇಟು 24.

ಲೆಕ್ಕ ಹಾಕಿ ಹಾಕಿ ಬೆರಳು ಸವೆಯಿತು.

ಅದೇ ದಿನ, ಮಧ್ಯಾಹ್ನ

ಟೈಲರಮ್ಮನ ಮನೆ ಅಂದರೆ ಮುಂದೆ ಅಂಗಡಿ, ಹಿಂದೆ ಸಂಸಾರ, ನಡುವೆ ಒಂದು ಪರದೆ. ಮಷಿನ್ ಮುಂದೆ ಕೂತೇ ಮಾತಾಡಿದರು. ಹೊಟ್ಟೆ ಮೇಜಿಗೆ ತಾಗುತ್ತದೆ ಅಂತ ಕುರ್ಚಿಯನ್ನು ಓರೆಯಾಗಿಟ್ಟುಕೊಂಡಿದ್ದಾರೆ.

ನಾನು "ಮುಟ್ಟಲಾ?" ಅಂತ ಕೇಳಿ ಹೊಟ್ಟೆಯ ಮೇಲೆ ಕೈಯಿಟ್ಟೆ. ವಾಪಸ್ ಬರುವಾಗ ದೊಡ್ಡಕ್ಕ, "ಕೇಳ್ದೆ, ಸರಿ. ಅವರು ಹೂಂ ಅನ್ನೋ ಮುಂಚೆ ಕೈ ಅಲ್ಲಿತ್ತಲ್ಲ? ಹಂಗಾದ್ರೆ ಯಾಕೆ ಕೇಳ್ಬೇಕು?" ಅಂದರು.

ಗ್ರೂಪಿನಲ್ಲಿ ಅನುಮತಿ ಕೇಳುವ ಬಗ್ಗೆ ನಾನೇ ಹನ್ನೊಂದು ಮೆಸೇಜಿನ ಭಾಷಣ ಹಾಕಿದ್ದೆ. ಜನ ಚಪ್ಪಾಳೆ ಹಾಕಿದ್ದರು.

ನವೆಂಬರ್ 5

ಟೈಲರಮ್ಮ ಇವತ್ತು ಮೊದಲ ಹೆರಿಗೆಯ ಕಥೆ ಹೇಳಿದರು. ಆರು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ. ಎಲ್ಲ ಚೆನ್ನಾಗೇ ಆಯಿತಂತೆ. ಮಗಳೂ ಗಟ್ಟಿ, ತಾಯಿಯೂ ಗಟ್ಟಿ.

"ಆದ್ರೆ ನೋಡಿ, ಎರಡು ದಿನ ನನಗೆ ಹೆಸರೇ ಇರ್ಲಿಲ್ಲ. ಏಳನೇ ಬೆಡ್ಡು ಕೂಗ್ತಿದೆ, ಏಳನೇ ಬೆಡ್ಡು ಊಟ ಮಾಡಿಲ್ಲ. ಕೊನೆಗೆ ನಮ್ಮ ಯಜಮಾನರೂ ಬಂದು 'ಏಳನೇ ಬೆಡ್ ಎಲ್ಲಿ' ಅಂತ ಕೇಳಿದ್ರು, ಪಾಪ."

ನಕ್ಕರು. ನಾನೂ ನಕ್ಕೆ. ದೊಡ್ಡಕ್ಕ ನಗಲಿಲ್ಲ, ಬರೆದುಕೊಂಡರು.

ನವೆಂಬರ್ 9, ರಾತ್ರಿ ಊಟ ಆದಮೇಲೆ

ಗ್ರೂಪಿನಲ್ಲಿ ಪೋಸ್ಟ್ ಹಾಕಿದೆ. ತಡೆಯಲಾಗಲಿಲ್ಲ. "ನಂಬರ್ ಹತ್ತು ಲೋಡಿಂಗ್!! ಟೈಲರ್ ಅಮ್ಮ, ಎರಡನೇದು, 38 ವಾರ. ಫಾರಂ ಟೈಮಿಗೆ ಸರಿಯಾಗಿ ಬಂದ್ಬಿಡು ಮರಿ!" 86 ಹಾರ್ಟು. ಒಬ್ಬಳು ಕೌಂಟ್‌ಡೌನ್ ಶುರುಮಾಡಿದ್ದಾಳೆ. ಇನ್ನೊಬ್ಬಳು ಆಗಲೇ ಕಂಗ್ರಾಟ್ಸ್ ಅಂದಳು.

ಅಮ್ಮ ಹಿಂದಿನಿಂದ ಓದಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ಳಂತೆ" ಅಂದಳು.

"ಟೈಲರೇ ಅಲ್ವೇನಮ್ಮ, ಹೊಲ್ಕೊಳ್ತಾರೆ ಬಿಡು" ಅಂದೆ.

ನನ್ನ ಜೋಕಿಗೆ ನಾನೇ ನಕ್ಕೆ.

ನವೆಂಬರ್ 12

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇನ್ನೂ ಕೆಟ್ಟದು.

ಟೈಲರಮ್ಮನ ಪಕ್ಕದ ಮನೆಯವಳ ತಂಗಿ ಆ ಗ್ರೂಪಿನಲ್ಲಿದ್ದಾಳೆ. ನಾನೂರು ಜನರಲ್ಲಿ ಒಬ್ಬಳು ಸಾಕಲ್ಲ. ಇವತ್ತು ಹೋದಾಗ ಟೈಲರಮ್ಮ ಮಷಿನ್ ನಿಲ್ಲಿಸಲಿಲ್ಲ. ತುಳಿಯುತ್ತಲೇ ಕೇಳಿದರು.

"ನಾನು ನಿಮ್ಮ ಹತ್ತನೇದಂತೆ?"

ತೆಗೆದ ಬಿಪಿ ಮಷಿನ್ ಮತ್ತೆ ಬ್ಯಾಗಿಗೆ ಹಾಕಿದೆ.

"ಬಟ್ಟೆಗೆ ಟೋಕನ್ ನಂಬರ್ ಪಿನ್ ಮಾಡೋದು ನನ್ನ ಕೆಲಸ. ಹೊಟ್ಟೆಗೂ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ ನೋಡಿ." ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, "ಹೆರಿಗೆ ದಿನ ನೀವು ಬನ್ನಿ ಅಕ್ಕ. ಈ ಹುಡುಗಿ ಬೇಡ."

ಅವರ ಅತ್ತೆ ಪರದೆ ಸರಿಸಿ ಇಣುಕಿ ನೋಡಿ, ಮತ್ತೆ ಪರದೆ ಬಿಟ್ಟರು.

ದಾರಿಯಲ್ಲಿ ದೊಡ್ಡಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸ್‌ಸ್ಟಾಪಿನಲ್ಲಿ ಕೂತಮೇಲೆ, "ಹೆರಿಗೆ ಮನೆ ಮಾತು ಹೊಸ್ತಿಲು ದಾಟಬಾರ್ದು ಕಣೇ. ನೀನು ಊರಿಗೆಲ್ಲ ಡಂಗೂರ ಹೊಡ್ಸಿದೀಯ" ಅಂದರು. ಅಷ್ಟೇ.

"ಈಗೇನು ಮಾಡ್ಲಿ?"

"ನನ್ನನ್ನ ಕೇಳಿದ್ರೆ? ಕೋಪ ನಂದಲ್ಲ."

ನವೆಂಬರ್ 13

ಪೋಸ್ಟ್ ಅಳಿಸಿದೆ. ಗ್ರೂಪಿನಿಂದ ಹೊರಗೆ ಬಂದೆ. ಐದು ವರ್ಷದ ಗ್ರೂಪು. ಎಲ್ಲ ಕಲಿತದ್ದು ಅಲ್ಲೇ, ಹೆಂಗಸಿನ ಮಾತು ಕೇಳಬೇಕು ಅನ್ನುವುದನ್ನೂ ಸೇರಿಸಿ. ಬಟನ್ ಒತ್ತಲು ಎರಡೇ ಸೆಕೆಂಡ್.

ಟೈಲರಮ್ಮನಿಗೆ ಕ್ಷಮೆ ಮೆಸೇಜ್ ಟೈಪ್ ಮಾಡಿದೆ. ಉದ್ದ... ನನ್ನ ಕನಸು, ನನ್ನ ಹದಿನೆಂಟು ತಿಂಗಳು, ನನ್ನ ಕಣ್ಣೀರು. ಓದಿದರೆ ಎಲ್ಲ ನನ್ನದೇ. ಅವರು ಎಲ್ಲೂ ಇಲ್ಲ. ಅಳಿಸಿದೆ.

ನವೆಂಬರ್ 14, ಸಂಜೆ

ನೇರ ಹೋದೆ, ಗಿರಾಕಿ ಇಲ್ಲದ ಹೊತ್ತು ನೋಡಿ. ಬಾಗಿಲಲ್ಲೇ ನಿಂತು ಹೇಳಿದೆ. "ನಿಮ್ಮ ವಿಷಯ ಕೇಳದೆ ಹೊರಗೆ ಹೇಳ್ದೆ. ನಿಮ್ಮನ್ನ ಲೆಕ್ಕಕ್ಕೆ ಹಾಕ್ಕೊಂಡೆ. ತಪ್ಪಾಯ್ತು. ಹೆರಿಗೆಗೆ ಕರೀರಿ ಅಂತ ಕೇಳೋಕೆ ಬಂದಿಲ್ಲ."

ಮಷಿನ್ ನಿಲ್ಲಿಸಿದರು. ಆಮೇಲೆ ಒಂದು ಪ್ಯಾಂಟು ನನ್ನ ಕಡೆ ಎಸೆದರು.

"ಹೊಲಿಗೆ ಬಿಚ್ಚೋಕೆ ಬರುತ್ತಾ?"

"ಇಲ್ಲ."

"ಬಾಯಿ ಮುಚ್ಕೊಂಡು ಕೂರೋಕೆ ಬರುತ್ತಾ?"

"ಅದೂ ಅಷ್ಟಾಗಿ..."

ಒಳಗಿನಿಂದ ಅತ್ತೆ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಕೂತೆ. ಒಂದು ಗಂಟೆ ಬಿಚ್ಚಿದೆ. ಬೆರಳಿಗೆ ಎರಡು ಸಲ ಚುಚ್ಚಿಕೊಂಡೆ. ಹೊರಡುವಾಗ ಟೈಲರಮ್ಮ, "ನಾಳೆ ಬ್ಲೌಸ್ ಇದೆ" ಅಂದರು.

ನವೆಂಬರ್ 19

ಐದು ದಿನದಿಂದ ದಿನಾ ಸಂಜೆ ಹೋಗುತ್ತಿದ್ದೇನೆ. ಬಿಚ್ಚುವುದರಿಂದ ಗುಂಡಿ ಹಚ್ಚುವುದಕ್ಕೆ ಬಡ್ತಿ. ಅಮ್ಮನಿಗೆ ಭಾರಿ ಖುಷಿ — "ಅಂತೂ ಹೊಟ್ಟೆಪಾಡಿಗೆ ಒಂದು ಕಸುಬು ಕಲೀತಿದೀಯ."

ಇವತ್ತು ಒಬ್ಬ ಗಿರಾಕಿಯ ಅಳತೆ ತೆಗೆಯುವುದನ್ನು ನೋಡಿದೆ. ಟೈಲರಮ್ಮ ಟೇಪು ಸುತ್ತಿ ಸುಮ್ಮನೆ ನಿಂತರು. ಮಗನ ಸ್ಕೂಲು, ಅತ್ತೆಯ ಮಂಡಿನೋವು, ಅದೂ ಇದೂ ಕೇಳಿದರು. ಆಮೇಲೆ ನಂಬರ್ ಬರೆದರು. ಅವಳು ಹೋದಮೇಲೆ ಕೇಳಿದೆ, ಯಾಕೆ ಅಷ್ಟು ಹೊತ್ತು ಅಂತ.

"ಟೇಪು ಹಾಕಿದ ತಕ್ಷಣ ಎಲ್ರೂ ಉಸಿರು ಬಿಗಿ ಹಿಡೀತಾರೆ. ಆ ಅಳತೆಗೆ ಹೊಲಿದ್ರೆ ಮನೆಗೆ ಹೋಗಿ ಉಸಿರಾಡಕ್ಕಾಗಲ್ಲ. ಅವರಾಗೇ ಸಡಿಲ ಬಿಡೋವರ್ಗೂ ಕಾಯ್ಬೇಕು. ಅವಸರಪಟ್ರೆ ಬಟ್ಟೆ ವಾಪಸ್ ಬರುತ್ತೆ."

ಗುಂಡಿ ಹಚ್ಚುತ್ತಾ ಅದನ್ನೇ ಯೋಚಿಸುತ್ತಾ ಕೂತೆ. ಪುಕ್ಕಟೆ ಸಿಕ್ಕ ಪಾಠ. ಎಲ್ಲಿಗೂ ಪೋಸ್ಟ್ ಮಾಡುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆದೆ.

ನವೆಂಬರ್ 22

ಟೈಲರಮ್ಮ ದಾರ ಪೋಣಿಸುತ್ತಾ, ನನ್ನ ಮುಖ ನೋಡದೆ: "ಹೆರಿಗೆ ದಿನ ನೀನೂ ಬಾ."

"ನೀವು" ಹೋಗಿ "ನೀನು" ಆಗಿದೆ! ಕುಣಿಯಬೇಕು ಅನ್ನಿಸಿತು. ಕೂತೇ ಇದ್ದೆ. ಗುಂಡಿ ಉಲ್ಟಾ ಹಚ್ಚಿದೆ.

ನವೆಂಬರ್ 24

ಡೇಟು ಇವತ್ತು. ಏನೂ ಇಲ್ಲ. ಟೈಲರಮ್ಮ ಎರಡು ಲಂಗ ಮುಗಿಸಿದರು.

ನವೆಂಬರ್ 26

ಏನೂ ಇಲ್ಲ. ಬಿಪಿ ಚೆನ್ನಾಗಿದೆ, ಮಗು ಚೆನ್ನಾಗಿ ಒದೆಯುತ್ತಿದೆ. ಫಾರಂ ತುಂಬಿ ಸೇವ್ ಮಾಡಿಟ್ಟಿದ್ದೇನೆ. ಹತ್ತನೇ ಸಾಲು ಮಾತ್ರ ಖಾಲಿ. ಕಳಿಸುವ ಬಟನ್ ಬೂದಿ ಬಣ್ಣದಲ್ಲಿದೆ, ಒತ್ತಲಾಗುವುದಿಲ್ಲ. ಒತ್ತಿ ನೋಡಿದೆ.

ನವೆಂಬರ್ 28, ಬೆಳಿಗ್ಗೆ 7:15

ಬಂತು! ಫೋನ್ ಬಂತು. ಆರು ಗಂಟೆಯಿಂದ ನೋವಂತೆ, ಏಳೇಳು ನಿಮಿಷಕ್ಕೆ. ಎರಡನೇದು, ಬೇಗ ಆಗಬಹುದು. ಮಧ್ಯಾಹ್ನದೊಳಗೆ ಆದರೆ... ಬೇಡ. ಲೆಕ್ಕ ಬೇಡ.

ಹಾಕುತ್ತಲೇ ಇದ್ದೇನೆ.

9:40

ಅಂಗಡಿಯ ಶಟರ್ ಎಳೆದಾಗಿದೆ. ಮಗಳನ್ನು ಯಜಮಾನರು ಅವಳ ಚಿಕ್ಕಮ್ಮನ ಮನೆಗೆ ಬಿಡಲು ಹೋಗಿದ್ದಾರೆ. ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದ್ದೂ ಆಯಿತು, ಬೇಕಾದರೆ ಹತ್ತು ನಿಮಿಷದ ದಾರಿ. ಟೈಲರಮ್ಮ ಕಟಿಂಗ್ ಟೇಬಲ್ ಹಿಡಿದು ಬಗ್ಗಿ ಉಸಿರು ಬಿಡುತ್ತಾರೆ, ನಡುವೆ ಜೋಕು ಹೇಳುತ್ತಾರೆ.

ದೊಡ್ಡಕ್ಕ ಮೂಲೆಯ ಕುರ್ಚಿಯಲ್ಲಿ ಉಲ್ಲನ್ ಹೆಣೆಯಲು ಕೂತರು. "ಇವತ್ತು ಮನೆ ನಿಂದು. ನಾನಿಲ್ಲೇ ಇದೀನಿ. ಏನಾದ್ರೂ ಸರಿ ಕಾಣ್ಲಿಲ್ಲ ಅಂದ್ರೆ ನಾನೇ ಎದ್ದು ಬರ್ತೀನಿ."

ನನ್ನ ಕೈ ತಣ್ಣಗಾಗಿದೆ. ಬಿಸಿನೀರಿನಲ್ಲಿ ಅದ್ದಿ ಬಂದೆ.

12:50

ನೋವು ನಿಧಾನವಾಯಿತು. ಏಳು ಇದ್ದದ್ದು ಹನ್ನೆರಡು ನಿಮಿಷ. ಈಗ ಹದಿನೈದು. ಮಗುವಿನ ಎದೆಬಡಿತ 140, ಗಡಿಯಾರದ ಹಾಗೆ. ನೀರು ಒಡೆದಿಲ್ಲ. ಒಳಗೆ ಎಷ್ಟು ತೆರೆದಿದೆ ನೋಡಲಾ ಅಂತ ಕೇಳಿದೆ. ಕಾದೆ. "ಈಗ ಬೇಡ" ಅಂದರು. ಕೈ ನನ್ನ ತೊಡೆಯ ಮೇಲೇ ಇತ್ತು. ದೊಡ್ಡಕ್ಕ ಹೆಣಿಗೆಯಿಂದ ತಲೆ ಎತ್ತಲಿಲ್ಲ, ಆದರೆ ನೋಡಿದರು. ನನಗೆ ಗೊತ್ತು.

1:30

ಟೈಲರಮ್ಮ ಮಲಗಿಬಿಟ್ಟರು. ಎಡ ಮಗ್ಗುಲಿಗೆ, ಎರಡು ದಿಂಬು, ಸಣ್ಣ ಗೊರಕೆ. ನೋವು ಬಂದಾಗ ಹೂಂ ಅಂತ ಮುಲುಗಿ ಮತ್ತೆ ನಿದ್ದೆ. ನಿನ್ನೆ ಇಡೀ ರಾತ್ರಿ ಕಣ್ಣು ಮುಚ್ಚಿಲ್ಲವಂತೆ.

2:40

ಮಲಗಿದ್ದಾರೆ.

ಅತ್ತೆ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು ಪಿಸುಗುಟ್ಟಿದರು. "ಇವತ್ತೇ ಕಡೇ ದಿನ ಅಂತೆ ನಿನಗೆ? ಪಕ್ಕದ ಮನೆಯವಳು ಹೇಳಿದ್ಲು. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಮ್ಮ. ನಾನು ನನ್ನ ಮೂರನ್ನೂ ಕಸ ಗುಡಿಸ್ತಾನೇ ಹೆತ್ತೋಳು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಕಷ್ಟವಾಯಿತು.

ಮೆಟ್ಟಿಲು ಹತ್ತಿಸಿ ಇಳಿಸುವುದು, ಸೊಂಟ ತಿರುಗಿಸುವುದು, ಮೊಲೆತೊಟ್ಟು ತೀಡುವುದು... ಉಪಾಯ ನೂರು ಗೊತ್ತು. ಒಂದೊಂದರ ಕೆಳಗೂ ಮುನ್ನೂರು ಕಾಮೆಂಟು ಓದಿದ್ದೇನೆ. ರೂಮಿನ ಬಾಗಿಲವರೆಗೆ ಹೋದೆ. ಎಬ್ಬಿಸಿ ಕೇಳೋಣ, ನಡೀತೀರಾ ಅಂತ. ಕೇಳುವುದರಲ್ಲಿ ತಪ್ಪೇನು?

ಆದರೆ ಎಬ್ಬಿಸಿ ಕೇಳಿದರೆ ಅವರು ಹೂಂ ಅನ್ನುತ್ತಾರೆ. ನನಗೋಸ್ಕರ. ಈಗ ನಾನಂದರೆ ಅವರಿಗೆ ಇಷ್ಟ.

ಬಾಗಿಲು ಅರ್ಧ ಮುಚ್ಚಿ ಬಂದೆ. ಅತ್ತೆಗೆ ಹೇಳಿದೆ, "ತಾಯಿ ಚೆನ್ನಾಗಿದಾರೆ, ಮಗು ಚೆನ್ನಾಗಿದೆ. ಅವರಿಗೆ ಬೇಕಾಗಿರೋದು ನಿದ್ದೆ ಅಜ್ಜಿ. ಮಲಗ್ಲಿ."

"ನಿನ್ನ ವರ್ಷ ಹೋಗುತ್ತಲ್ಲೇ ಹುಡುಗಿ!"

"ಹೋಗ್ಲಿ ಬಿಡಿ" ಅಂದೆ. ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆದೆ.

3:30

ಮಲಗಿದ್ದಾರೆ. ಎದೆಬಡಿತ 138. ಡಬ್ಬಿ ತಾಗಿಸಿದರೂ ಎಚ್ಚರವಾಗಲಿಲ್ಲ. ಮಲಗಿದಾಗಲೂ ಕೇಳಬಹುದು ಅಂತ ಬೆಳಿಗ್ಗೆಯೇ ಅವರಿಂದ ಒಪ್ಪಿಗೆ ತಗೊಂಡಿದ್ದೆ.

4:20

ಯಜಮಾನರು ಟೀ ಮಾಡಿದರು. ಸಕ್ಕರೆ ಮರೆತಿದ್ದರು. ನಾವು ನಾಲ್ವರೂ ಹಾಗೇ ಕುಡಿದೆವು. ಗೊರಕೆ ಕೇಳಿಸುತ್ತಿತ್ತು.

5:00

ಆಯಿತು.

5:04

ಫಾರಂ ಟೈಮು ಮುಗಿಯಿತು. ವಿಚಿತ್ರ. ಅಳು ಬರಬಹುದು ಅಂದುಕೊಂಡಿದ್ದೆ. ಬೆಳಿಗ್ಗೆಯಿಂದ ಬಿಗಿಹಿಡಿದ ಭುಜ ಇಳಿಯಿತು. ಈಗ ಈ ಮನೆಯಲ್ಲಿ ಯಾರಿಗೂ ಯಾವ ಅವಸರವೂ ಇಲ್ಲ. ದೊಡ್ಡಕ್ಕ ಉಲ್ಲನ್ ಉಂಡೆ ನನ್ನ ಮಡಿಲಿಗೆ ಹಾಕಿ, "ಹಿಡ್ಕೋ, ಸಿಕ್ಕಾಗಿದೆ" ಅಂದರು. ಬಿಡಿಸುತ್ತಾ ಕೂತೆ. ಬಿಡಿಸುವುದರಲ್ಲಿ ಈಗ ನಾನು ಎಕ್ಸ್‌ಪರ್ಟು.

ದೊಡ್ಡಕ್ಕ, ಹೆಣೆಯುವ ಕಡ್ಡಿಗಳ ಮೇಲೇ ಕಣ್ಣಿಟ್ಟು: "ನಾನು ಪರೀಕ್ಷೆ ಬರೆದದ್ದು ಮೂರನೇ ವರ್ಷಕ್ಕೆ. ಯಾರಿಗೂ ಹೇಳಿಲ್ಲ."

ಇಷ್ಟು ಸ್ಕ್ರೀನ್‌ಶಾಟುಗಳಲ್ಲಿ ಇದು ಎಲ್ಲೂ ಇರಲಿಲ್ಲ.

5:40

ಎದ್ದರು! ಮುಖ ಅರಳಿದೆ. "ಗಂಟೆ ಎಷ್ಟು?"

"ಐದೂ ನಲವತ್ತು."

ಎದ್ದು ಕೂತುಬಿಟ್ಟರು. "ಅಯ್ಯೋ, ನಿನ್ನ ಫಾರಂ! ಎಬ್ಬಿಸಬಾರ್ದಿತ್ತೇನೇ?"

"ಗೊರಕೆ ಅಷ್ಟು ಚೆನ್ನಾಗಿ ಬರ್ತಿತ್ತು. ಹಾಳು ಮಾಡೋಕೆ ಮನಸ್ಸಾಗ್ಲಿಲ್ಲ."

"ನಾನು ಗೊರಕೆ ಹೊಡಿಯಲ್ಲ" ಅಂದರು. ಯಜಮಾನರು ಮೇಲ್ಛಾವಣಿ ನೋಡಿದರು. ಎಲ್ಲರೂ ನಗುವಾಗಲೇ ನೋವು ಬಂತು. ಈ ಸಲದ್ದು ಬೇರೆ. ನನ್ನ ಭುಜ ಹಿಡಿದು ನೇತಾಡಿದರು. ಮುಗಿದಮೇಲೆ ಹಣೆ ನನ್ನ ಹಣೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದರು.

6:25

ಮೂರು ನಿಮಿಷಕ್ಕೊಂದು. ನೀರು ಒಡೆಯಿತು, ತಿಳಿಯಾಗಿದೆ. ಎದೆಬಡಿತ ಚೆನ್ನಾಗಿದೆ. ಟವೆಲ್ ಬೆಚ್ಚಗೆ ಮಾಡಲು ಅಡುಗೆಮನೆಗೆ ಬಂದೆ, ಒಂದೇ ಸಾಲು ಬರೆದು ಹೋಗುತ್ತೇನೆ. ಅತ್ತೆ ನೆಟಿಗೆ ಮುರಿದು ದೃಷ್ಟಿ ತೆಗೆದರು. ಸೊಸೆಗಲ್ಲ, ನನಗೆ.

ಕೂಗಿದರು. ದೊಡ್ಡಕ್ಕನನ್ನಲ್ಲ, ನನ್ನನ್ನು, ಹೆಸರು ಹಿಡಿದು. ಕೈ ತೊಳೆದು, ಟವೆಲ್ ತಗೊಂಡು ಹೊರಟೆ.