ಎಂಟು ನಿಮಿಷದ ಬಿಸಿಲು

ಭಾನುವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ಹೊಲಿಗೆ ಮೆಷಿನ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಓದು. ನಿನ್ನ ಮೊಮ್ಮಗ ಚೆನ್ನಾಗಿ ಹಾಲು ಕುಡಿಯುತ್ತಾನೆ; ಕುಡಿದದ್ದರಲ್ಲಿ ಅರ್ಧ ನನ್ನ ಹೆಗಲಿಗೇ ವಾಪಸು. ನನಗೆ ಮಾತ್ರ ನಿದ್ದೆಯಿಲ್ಲ. ಮೊನ್ನೆ ಇವರಿಗೆ ಚಹಾಕ್ಕೆ ಉಪ್ಪು ಹಾಕಿ ಕೊಟ್ಟೆ. ಪಾಪ, ಕುಡಿದರು.

ಫೋನಿನಲ್ಲಿ ಬಾಯಿಗೆ ಬಾರದ ಒಂದು ಮಾತಿದೆ. ಮೂರು ತಿಂಗಳಾದರೂ ಅವನು ನನ್ನ ಮುಖ ನೋಡುವುದಿಲ್ಲ. ಟಾರ್ಚ್ ಆಚೆ ಈಚೆ ಆಡಿಸಿದರೂ ಕಣ್ಣು ತಿರುಗುವುದಿಲ್ಲ. ಅತ್ತೆಗೆ ಹೇಳಿದರೆ, ಗಂಡುಮಕ್ಕಳು ಎಲ್ಲದರಲ್ಲೂ ನಿಧಾನ ಕಣೇ, ನಿನ್ನ ಗಂಡನ್ನೇ ನೋಡು, ಕಾಲೇಜು ಓದಿದೋರಿಗೆ ಕೂತಲ್ಲಿ ನಿಂತಲ್ಲಿ ಕಾಯಿಲೆ ಕಾಣುತ್ತೆ ಅಂದರು. ನಕ್ಕೆ. ನಾಳೆ ಕಣ್ಣಿನ ಆಸ್ಪತ್ರೆಯಲ್ಲಿ ಪರೀಕ್ಷೆ. ಏನೂ ಇರಲಾರದು.

ಪಾಠ ಮಾಡುವಾಗ ಬೆಳಕಿನ ವೇಗವನ್ನು ಎಷ್ಟು ಸಲೀಸಾಗಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ! ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಸೂರ್ಯನಿಂದ ಇಲ್ಲಿಗೆ ಎಂಟು ನಿಮಿಷ. ಸೂರ್ಯ ಈಗಲೇ ಆರಿಹೋದರೂ ಅಷ್ಟು ಹೊತ್ತು ನಮಗೆ ಗೊತ್ತೇ ಆಗುವುದಿಲ್ಲ, ಬಿಸಿಲಲ್ಲಿ ಆರಾಮಾಗಿ ಬಟ್ಟೆ ಒಣಹಾಕುತ್ತಿರುತ್ತೇವೆ ಎಂದರೆ ಹುಡುಗಿಯರು ನಗುತ್ತಿದ್ದರು. ನನ್ನ ಮುಖದಿಂದ ಅವನ ಕಣ್ಣಿಗೆ ಒಂದು ಗೇಣು. ಬೆಳಕಿಗೆ ಅದೂ ಒಂದು ದಾರಿಯೇ?

ವಿಶ್ವ ಹಿಗ್ಗುವುದನ್ನು ನಿನ್ನ ಎಲಾಸ್ಟಿಕ್ ಎಳೆದು ತೋರಿಸಿದ್ದು ನೆನಪಿದೆಯಾ? ಸೀಮೆಸುಣ್ಣದ ಗುರುತುಗಳು ಒಂದರಿಂದೊಂದು ದೂರವಾದವು. ಯಾವ ಗುರುತೂ ಎದ್ದು ಹೋಗಲಿಲ್ಲ ಅಮ್ಮ, ನಡುವಿನ ಜಾಗವೇ ಹಿಗ್ಗಿತು ಎಂದಿದ್ದೆ. ಸಾಕು ಬಿಡೇ, ಗಿರಾಕಿ ಮಗನ ಚಡ್ಡಿ ಜಾರೀತು ಎಂದು ಕಿತ್ತುಕೊಂಡೆ ನೀನು. ಬಹಳ ದೂರದ ಗೆಲಾಕ್ಸಿಗಳಿಂದ ಈಗ ಹೊರಟ ಬೆಳಕು ನಮ್ಮನ್ನು ಎಂದಿಗೂ ತಲುಪುವುದಿಲ್ಲ. ಅದು ಓಡುವುದಕ್ಕಿಂತ ಬೇಗ ದಾರಿ ಬೆಳೆಯುತ್ತದೆ. ಅವನನ್ನು ಎದೆಗೆ ಒತ್ತಿಕೊಂಡಾಗಲೂ ಈಗ ಅದೇ ಯೋಚನೆ. ಯಾವ ಗುರುತಿನ ತಪ್ಪೂ ಅಲ್ಲವೆಂದವಳು ನಾನೇ. ಆದರೂ ಬಸುರಿಯಾಗಿದ್ದಾಗ ಯಾವ ಜ್ವರ ಬಂತು, ಯಾವ ಮಾತ್ರೆ ನುಂಗಿದೆ ಎಂದು ಕೆದಕುತ್ತಲೇ ಇದ್ದೇನೆ.

ಒಂದು ಕೆಲಸ ಮಾಡಮ್ಮ. ಕಪ್ಪು ಬಿಳುಪಿನ ಅಗಲ ಪಟ್ಟೆಗಳ ಪುಟ್ಟ ಹೊದಿಕೆ ಹೊಲಿದು ಕಳಿಸು. ಎಳೆಗಣ್ಣಿಗೆ ಅದು ಬೇಗ ಕಾಣುತ್ತದಂತೆ.

ಇಂತಿ ನಿದ್ದೆಗೆಟ್ಟ,
ನಿನ್ನ ಮಗಳು

ತಾ.ಕ.: ಅಮ್ಮಾ, ಪರೀಕ್ಷೆ ನಾಳೆಯಲ್ಲ, ಶುಕ್ರವಾರವೇ ಆಯಿತು. ಕಣ್ಣಿನ ನರ ಬೆಳೆದೇ ಇಲ್ಲವಂತೆ. ಈಗಲೂ ಕಾಣುವುದಿಲ್ಲ, ಮುಂದೆಯೂ ಕಾಣುವುದಿಲ್ಲ. ಇದನ್ನು ಓದುವಷ್ಟು ಹೊತ್ತಾದರೂ ನೀನು ಬಿಸಿಲಲ್ಲಿರು ಎಂದು ಸುಳ್ಳು ಬರೆದೆ. ಹೊದಿಕೆ ಕಳಿಸಬೇಡ, ನೀನೇ ತಾ. ಸದ್ದಿಗೆ ತಿರುಗುತ್ತಾನೆ, ಬಾಗಿಲಿನಿಂದಲೇ ಮಾತಾಡುತ್ತಾ ಬಾ. ಪಟ್ಟೆ ಬೇಡ. ಮಖಮಲ್ಲು, ಉಣ್ಣೆ, ಒರಟು ಹತ್ತಿ, ಹೀಗೆ ಬೆರಳಿಗೆ ಬೇರೆ ಬೇರೆ ತಿಳಿಯುವ ತುಂಡುಗಳನ್ನು ಜೋಡಿಸು. ಬಣ್ಣ ಯಾವುದಾದರೂ ಆದೀತು.