ಬೀಗದ ಪಕ್ಕದ ಮನೆ

ಲ್ಯಾಬಿನ ಮೇಲಿನ ಕೋಣೆ,
ಗುರುವಾರ, ಊಟದ ಹೊತ್ತು

ಪ್ರೀತಿಯ ಅಕ್ಕಾ,

ಹೋದ ಸಲ ನಾನು ಹೊರಡುವಾಗ ನೀನು ‘ತಮ್ಮನಾಗಿ ಬಾ, ಸೂಜಿ ಹಿಡ್ಕೊಂಡು ಬರಬೇಡ’ ಎಂದಷ್ಟೇ ಹೇಳಿದೆಯೋ, ಅದಕ್ಕೆ ಮೊದಲು ‘ಬರೋದಾದ್ರೆ’ ಎಂದೂ ಸೇರಿಸಿದ್ದೆಯೋ, ಈಗ ಸರಿಯಾಗಿ ನೆನಪಿಲ್ಲ. ನಿನ್ನ ಸೊಂಟನೋವು ಹೇಗಿದೆ? ಮಿಲ್ಲಿನಲ್ಲಿ ಈಗಲೂ ಹಗಲು ಪಾಳಿಯೇ? ಗುಬ್ಬಿ ಅಮ್ಮನ ಜೊತೆಯೇ ಅಲ್ಲಿನ ಶಿಶುವಿಹಾರಕ್ಕೆ ಬರುತ್ತಾಳೆ ತಾನೆ, ದಾರಿಯುದ್ದಕ್ಕೂ ಬಾಯಿ ಮುಚ್ಚದೆ?

ಇಲ್ಲಿ ನನ್ನ ತಲೆ ಕೆಟ್ಟು ಕೂತಿದೆ. ದಡಾರದ ಸಮೀಕ್ಷೆ ಮುಗಿಯಿತು. ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿ, ಅಲ್ಲಿನ ಮಕ್ಕಳ ರಕ್ತ ತೆಗೆದು, ಎಷ್ಟು ಮಕ್ಕಳಲ್ಲಿ ದಡಾರ ತಡೆಯುವ ಪ್ರತಿಕಾಯ ಇದೆ ಎಂದು ನೋಡುವ ಕೆಲಸ. ಕಡಿಮೆ ಇದ್ದರೆ ಆ ಬಡಾವಣೆಗೆ ಲಸಿಕೆ ಶಿಬಿರ. ನಿಮ್ಮ ಬಡಾವಣೆಯ ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅನುಮಾನ ಬಂತು. ರಕ್ತ ತಂದ ಹೆಂಗಸರನ್ನು ಕೇಳಿದೆ. ಬೀಗ ಹಾಕಿದ ಮನೆಗೆ ಇನ್ನೊಮ್ಮೆ ಹೋಗಬೇಕೆನ್ನುವುದು ನಿಯಮ. ಇವರು ಪಕ್ಕದ ಮನೆಯ ಬಾಗಿಲು ತಟ್ಟಿದ್ದಾರೆ. ‘ರಕ್ತ ರಕ್ತವೇ ಅಲ್ವಾ ಸಾರ್, ಆ ಮನೇದಾದ್ರೇನು, ಈ ಮನೇದಾದ್ರೇನು’ ಎಂದಳು ಅವರಲ್ಲಿ ಹಿರಿಯಳು, ನನಗೇ ಸಮಾಧಾನ ಹೇಳುವವಳಂತೆ. ಬಿಸಿಲಲ್ಲಿ ಅಲೆದವಳ ಮೇಲೆ ರೇಗಲು ಬಾಯಿ ಬರಲಿಲ್ಲ. ಆದರೆ ಹಗಲು ಬಾಗಿಲು ತೆರೆದಿರುವ ಮನೆಯಲ್ಲಿ ಮಗುವನ್ನು ಲಸಿಕೆಗೆ ಎತ್ತಿಕೊಂಡು ಹೋಗಲು ಯಾರಾದರೂ ಇರುತ್ತಾರೆ. ಬಿಡುವಿದ್ದವರ ಮಕ್ಕಳನ್ನಷ್ಟೇ ಅಳೆದು ಇಡೀ ಬಡಾವಣೆಯ ಹೆಸರು ಬರೆದಿದ್ದೇವೆ. ಫ್ರಿಜ್ಜಿನಲ್ಲಿ ಸಾಲಾಗಿ ನಿಂತ ನಳಿಕೆಗಳನ್ನು ನೋಡುತ್ತೇನೆ. ಒಂದೊಂದೂ ನಿಜವನ್ನೇ ಹೇಳುತ್ತದೆ, ಎಲ್ಲ ಸೇರಿ ಸುಳ್ಳು ಹೇಳುತ್ತವೆ.

ಅಧಿಕಾರಿಗೆ ಹೇಳಿದರೆ ಕನ್ನಡಕ ಒರೆಸಿಕೊಂಡರು. ಒಳ್ಳೆಯ ಸುದ್ದಿಗೆ ಯಾಕೆ ಕಲ್ಲು ಹಾಕುತ್ತೀರಿ ಎಂದರು. ಶಿಬಿರ ರದ್ದುಮಾಡುವ ಆದೇಶಕ್ಕೆ ಅವರ ಸಹಿಯೊಂದು ಬಾಕಿ. ಕಾಡಿ ಬೇಡಿ ಸೋಮವಾರದವರೆಗೆ ತಡೆದಿದ್ದೇನೆ. ಅಷ್ಟರಲ್ಲಿ ಬೀಗದ ಮನೆಗಳ ರಕ್ತ, ಒಂದನ್ನೂ ಬಿಡದೆ, ತಂದರೆ ನೋಡೋಣವಂತೆ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯದೆ ಅನ್ನದ ಡಬ್ಬಿಯನ್ನು ತೆರೆಯದೆಯೇ ಕೂತಿದ್ದೇನೆ.

ಸೊಂಟ ಜೋಪಾನ. ಗುಬ್ಬಿಯ ಕೆನ್ನೆಗೊಂದು ಮುತ್ತು.

ನಿನ್ನ ತಮ್ಮ

ಇನ್ನೊಂದು ಮಾತು: ಆರಿಸಿ ಬಂದ ಮನೆಗಳಲ್ಲಿ ನಿನ್ನದೂ ಇತ್ತು. ಬೀಗ ಕಂಡು, ಗುಬ್ಬಿಯ ಬದಲು ಪಕ್ಕದ ಟೈಲರಮ್ಮನ ಮಗನ ರಕ್ತ ತಂದಿದ್ದಾರೆ. ಪಾಳಿಯ ಗಡಿಬಿಡಿಯಲ್ಲಿ ಗುಬ್ಬಿಯ ದಡಾರ ಲಸಿಕೆಯ ಎರಡನೇ ಡೋಸು ತಪ್ಪಿತೇ ಎಂದು ಹೋದ ಸಲ ಕೇಳಿದ್ದಕ್ಕೇ ನಿನಗೆ ಸಿಟ್ಟು ಬಂದದ್ದು. ಭಾನುವಾರ ಬರುತ್ತೇನೆ. ತಮ್ಮನಾಗಿಯೇ, ಆದರೆ ಕೈಯಲ್ಲಿ ಸೂಜಿಯೂ ಇರುತ್ತದೆ. ಬಾಗಿಲು ತೆಗೆಯುತ್ತೀಯಾ?