ಕದಿರಮ್ಮನ ರೆಪ್ಪೆ ಕೂಡಿದ ಬೆಳಗು

ಚಾಂಪಿಯನ್ ರೀಫ್ಸ್, ಕೆಜಿಎಫ್
16 ನವೆಂಬರ್ 2025, ಭಾನುವಾರ

ಪ್ರೀತಿಯ ಮಗಳು ಶ್ಯಾಮಲಾ,

ನೀನು, ಅಳಿಯಂದಿರು ಮುನಿರಾಜ್, ಮೊಮ್ಮಗಳು ಅಂಬಿಕ ಚೆನ್ನಾಗಿದ್ದೀರಿ ತಾನೆ? ಕೂಸಿಗೆ ಶೀತ ಎಂದು ಅಳಿಯಂದಿರು ಹೇಳಿದ್ದರು, ಬಿಟ್ಟಿತೇ? ಬಂಗಾರಪೇಟೆಯೇನು ದೂರವೇ, ರೈಲು ಹತ್ತಿದರೆ ಬಂದೇಬಿಟ್ಟಿತು. ಆದರೆ ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕೂಸನ್ನು ಮೊದಲ ಸಲ ಕರೆತಂದ ದಿನ ನಿಮ್ಮಮ್ಮ ಎತ್ತಿಕೊಳ್ಳದೆ ಗೋಡೆಗೆ ಮುಖ ಮಾಡಿ ಕುಳಿತಳು. “ಎಣ್ಣು ಮಗು ಅಂತ ತಾನೆ?” ಎಂದು ಅತ್ತುಕೊಂಡು ಹೋದವಳು ನೀನು, ಮತ್ತೆ ಬರಲಿಲ್ಲ.

ನಿಮ್ಮಮ್ಮನ ಕಣ್ಣಿನ ಸುದ್ದಿ ಹೇಳಬೇಕು. ಥೈರಾಯ್ಡ್‌ನಿಂದ ಅದು ಹೇಗೆ ಉಬ್ಬಿ ನಿಂತಿತ್ತೆಂದು ನೋಡಿದ್ದೀಯಲ್ಲ. ನಿದ್ದೆಯಲ್ಲೂ ರೆಪ್ಪೆ ಕೂಡುತ್ತಿರಲಿಲ್ಲ. ಒಂದು ಎರಡಾಗಿ ಕಂಡು, ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದು, “ಒಬ್ಬ ಮುದುಕನ್ನೇ ಸಾಕಕ್ಕಾಗಲ್ಲ, ಇಬ್ರು ಕುಂತವ್ರೆ” ಅಂತ ನನ್ನನ್ನೇ ಬೈಯುತ್ತಿದ್ದಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಔಷಧಿಯ ಪರೀಕ್ಷೆ ನಡೆದಿತ್ತು, ಇವಳನ್ನೂ ಸೇರಿಸಿಕೊಂಡರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕಣ್ಣಿನ ಹಿಂದಿನ ಮಾಂಸ, ಕೊಬ್ಬನ್ನು ಊದಿಸುತ್ತದೆ ಎಂದರು ಡಾಕ್ಟರಮ್ಮ. ಮೊದಲೆಲ್ಲ ಸ್ಟೀರಾಯ್ಡ್ ಕೊಡುತ್ತಿದ್ದರಂತೆ, ಅದಕ್ಕೂ ಬಗ್ಗದಿದ್ದರೆ ಕಣ್ಣಿನ ಗೂಡಿನ ಮೂಳೆ ಕೊರೆದು ಜಾಗ ಮಾಡುತ್ತಿದ್ದರಂತೆ. ಗಣಿಯಲ್ಲಿ ಬಂಡೆ ಕೊರೆದ ನನಗೆ ಅಷ್ಟು ಅರ್ಥವಾಯಿತು. ಆದರೆ ಈ ಔಷಧಿ, ಊದು ಎನ್ನುವ ಅಪ್ಪಣೆಯನ್ನೇ ತಡೆಯುತ್ತದಂತೆ! ಮೂರು ವಾರಕ್ಕೊಮ್ಮೆ ಕೈಯ ನರಕ್ಕೆ ಡ್ರಿಪ್, ಅಷ್ಟೇ. ಬಂಡೆ ಒಡೆಯದೆ ಒಳಗೆ ಜಾಗವಾಗುವುದನ್ನು ಭೂಮಿಯ ಕೆಳಗೆ ನಾನೆಂದೂ ಕಂಡಿರಲಿಲ್ಲ. ಅವಳ ಕಿವಿ ಮಾತ್ರ ಸ್ವಲ್ಪ ಮಂದವಾಗಿದೆ. ಈ ಔಷಧಿಗೆ ಹಾಗಾಗುವುದುಂಟಂತೆ, ಹೋದಾಗಲೆಲ್ಲ ಕಿವಿಯನ್ನೂ ನೋಡುತ್ತಾರೆ.

ಮೊನ್ನೆ ಬೆಳಿಗ್ಗೆ ಕಾಫಿ ಹಿಡಿದು ಹೋದರೆ ಇನ್ನೂ ಮಲಗಿದ್ದಳು. ಎರಡೂ ರೆಪ್ಪೆ ಪೂರ್ತಿ ಮುಚ್ಚಿದ್ದವು, ಎಳೆಕೂಸಿನ ಹಾಗೆ. ಎಬ್ಬಿಸಲು ಮನಸ್ಸಾಗದೆ ನೋಡುತ್ತಲೇ ಕುಳಿತೆ, ಕಾಫಿ ಆರಿಹೋಯಿತು. ಕೈ ಮುಗಿಯಬೇಕೆನ್ನಿಸಿತು ಮಗಳೇ, ಯಾರಿಗೆಂದು ತಿಳಿಯಲಿಲ್ಲ.

ಅಳಿಯಂದಿರಿಗೆ ನಮಸ್ಕಾರ, ಕೂಸಿಗೆ ಮುತ್ತು. ಮೂವರೂ ತಣ್ಣಗಿರಿ.

ನಿನ್ನ ಅಪ್ಪ,
ಕುಪ್ಪುಸ್ವಾಮಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ನೀನು ಅತ್ತು ಹೋದ ಆ ದಿನದ ಮಾತನ್ನು ನಿಮ್ಮಮ್ಮ ನಿನ್ನೆ ಬಾಯಿಬಿಟ್ಟಳು. ಪಕ್ಕದ ಮನೆ ಮುನಿರತ್ನಮ್ಮ, “ಆ ಕಣ್ಣಲ್ಲಿ ಕೂಸ್ನ ನೋಡ್ಬ್ಯಾಡಕ್ಕಾ, ದಿಷ್ಟಿ ಆಯ್ತದೆ” ಅಂದಿದ್ದಳಂತೆ. ತನ್ನ ಕಣ್ಣೇ ಮೊಮ್ಮಗಳಿಗೆ ತಾಗೀತೆಂದು ಹೆದರಿ ಗೋಡೆ ನೋಡಿಕೊಂಡು ಕುಳಿತಿದ್ದಳು, ಹೆಣ್ಣೆಂದು ಅಲ್ಲ. ಈಗ ಹರಳೆಣ್ಣೆ ದೀಪದ ಕಾಡಿಗೆ ಹಿಡಿದಿಟ್ಟಿದ್ದಾಳೆ. “ಕೂಸ್ಗೆ ದಿಷ್ಟಿ ಬೊಟ್ಟು ಇಕ್ಕದೇನೇ ಕರ್ಕಂಬರಕ್ಕೇಳು, ನಾನೇ ಇಕ್ತೀನಿ” ಅಂತಾಳೆ. ಬಾಗಿಲಲ್ಲೇ ಗಟ್ಟಿಯಾಗಿ ಅಮ್ಮಾ ಎಂದು ಕೂಗು, ಕಿವಿ ಮಂದ.